ಇಪ್ಪತ್ತೊಂದು ಬಾಗಿಲಿನ ಹೆಸರು

ನನ್ನ ಹೆಸರನ್ನು ನಾನು ಮೊದಲ ಸಲ ಕೇಳಿದ್ದು ಚಳ್ಳಕೆರೆಯ ಶಾಲೆಯ ಒಂದನೇ ಕ್ಲಾಸಿನಲ್ಲಿ. ಅಲ್ಲಿಯವರೆಗೆ ಅಂಥದ್ದೊಂದು ಹೆಸರು ನನಗಿದೆ ಅಂತಲೇ ಗೊತ್ತಿರಲಿಲ್ಲ. ಮೇಷ್ಟ್ರು ಹಾಜರಿ ಪುಸ್ತಕ ತೆಗೆದು ಒಬ್ಬೊಬ್ಬರನ್ನೇ ಕೂಗುತ್ತಾ ಬಂದವರು "ಭಿಕ್ಷಮ್ಮ" ಅಂದರು. ಯಾರೂ ಏಳಲಿಲ್ಲ. ಎರಡು ಸಲ, ಮೂರು ಸಲ ಕೂಗಿದರು. ಯಾವಳಪ್ಪಾ ಈ ಕಿವುಡಿ ಅಂತ ಎಲ್ಲರ ಜೊತೆ ನಾನೂ ಹಿಂದೆ ತಿರುಗಿ ನೋಡಿದೆ. ಕೊನೆಗೆ ಮೇಷ್ಟ್ರು ನನ್ನ ಮುಂದೆಯೇ ಬಂದು ನಿಂತರು.

"ನಿನ್ನ ಹೆಸರೇನೇ?"

"ಅಮ್ಮಣ್ಣಿ."

"ಅದು ಮನೇಲಿ ಕರೆಯೋದು. ನಿಮ್ಮಪ್ಪ ಇಲ್ಲಿ ಬರೆಸಿರೋದು ಭಿಕ್ಷಮ್ಮ ಅಂತ. ಎದ್ದು ನಿಂತ್ಕೊ."

ನಾನು ಎದ್ದು ನಿಲ್ಲುವುದಕ್ಕೂ ಹಿಂದಿನ ಸಾಲಿನ ಹುಡುಗಿಯೊಬ್ಬಳು ಅಂಗೈ ಚಾಚಿ "ಅಮ್ಮಾ ತಾಯೀ" ಅಂತ ರಾಗ ಎಳೆಯುವುದಕ್ಕೂ ಸರಿಹೋಯಿತು. ಇಡೀ ಕ್ಲಾಸು ನಕ್ಕಿತು. ಆ ರಾಗ ಮುಂದೆ ಹತ್ತು ವರ್ಷ ನನ್ನ ಬೆನ್ನು ಬಿಡಲಿಲ್ಲ. ಅವತ್ತು ಪಾಟಿಚೀಲ ಬಿಟ್ಟು ಮನೆಗೆ ಓಡಿ ಬಂದವಳು, ರೊಟ್ಟಿ ತಟ್ಟುತ್ತಿದ್ದ ಅವ್ವನ ಮುಂದೆ ನಿಂತು, ನನ್ನ ಹೆಸರು ಭಿಕ್ಷಮ್ಮನಾ ಅಂತ ಕೂಗಿದೆ. ಅವ್ವ ಹಿಟ್ಟಿನ ಕೈಯಲ್ಲೇ ನನ್ನ ಬಾಯಿ ಮುಚ್ಚಿದಳು.

"ಮೆತ್ತಗೆ! ಅತ್ತೆ ಹೆಸರು ಅದು. ಹಂಗೆಲ್ಲ ಕೂಗಬಾರ್ದು."

ನಮ್ಮ ಕಡೆ ಸೊಸೆಯಾದವಳು ಅತ್ತೆಯ ಹೆಸರು ಹೇಳುವುದಿಲ್ಲ, ಮಗನಾದವನು ಹೆತ್ತವಳ ಹೆಸರು ಹಿಡಿದು ಕರೆಯುವುದಿಲ್ಲ. ಅಂಥ ಮನೆಯಲ್ಲಿ ಅಜ್ಜಿಯ ಹೆಸರನ್ನು ತಂದು ಮೊಮ್ಮಗಳಿಗೆ ಇಟ್ಟರೆ ಏನಾಗಬೇಕೋ ಅದೇ ಆಗಿತ್ತು. ತೊಟ್ಟಿಲಿಗೆ ಹಾಕಿದ ದಿನ ಸೋದರತ್ತೆ ನನ್ನ ಕಿವಿಯಲ್ಲಿ ಒಂದು ಸಲ ಊದಿದ್ದು ಬಿಟ್ಟರೆ ಆ ಹೆಸರು ಮತ್ತೆ ಆ ಮನೆಯ ಗಾಳಿಗೆ ಬಿದ್ದಿರಲಿಲ್ಲ. ಅವ್ವನ ಪಾಡಂತೂ ಇನ್ನೂ ಕಷ್ಟದ್ದು. ಹೆಸರು ಹೇಳುವಂತಿಲ್ಲ ಅಂತ ಅವಳು ಭಿಕ್ಷೆ ಅನ್ನುವ ಮಾತನ್ನೇ ಬಿಟ್ಟುಬಿಟ್ಟಿದ್ದಳು. ಜಂಗಮರು ಜೋಳಿಗೆ ಹಿಡಿದು ಬಾಗಿಲಿಗೆ ಬಂದರೆ "ಅಯ್ನೋರು ಅದಕ್ಕೆ ಬಂದವ್ರೆ" ಅನ್ನುತ್ತಿದ್ದಳು. ಯಾವುದಕ್ಕೆ ಅಂತ ನಾವು ಬೇಕಂತಲೇ ಕೇಳಿದರೆ ಲಟ್ಟಣಿಗೆ ಎತ್ತುತ್ತಿದ್ದಳು. ನನ್ನನ್ನು ಬೈಯುವಾಗಲೂ ಹೆಸರು ಹಿಡಿದು ಬೈಯುವ ಸುಖ ಅವಳಿಗೆ ಸಿಗಲಿಲ್ಲ.

ನಮ್ಮ ಮನೆ ಇದ್ದದ್ದು ಅಪ್ಪನ ಶೇಂಗಾ ಎಣ್ಣೆ ಮಿಲ್ಲಿನ ಹಿಂಬದಿಗೆ ಅಂಟಿಕೊಂಡು. ಮುಂದೆ ಪಡಸಾಲೆ, ಅದರಾಚೆ ನಡುಮನೆ, ಎಡಕ್ಕೆ ದೇವರಮನೆ, ಬಲಕ್ಕೆ ಹೊಗೆ ಹಿಡಿದ ಅಡುಗೆಮನೆ. ಮಿಲ್ಲು ಓಡುವಾಗ ಗೋಡೆಗೆ ಒರಗಿ ಕೂತರೆ ಬೆನ್ನು ಗುಂಯ್ ಅನ್ನುತ್ತಿತ್ತು. ಉಟ್ಟ ಬಟ್ಟೆ, ಹೊದ್ದ ಕೌದಿ, ತಲೆಕೂದಲು ಎಲ್ಲಕ್ಕೂ ಎಣ್ಣೆ ಮತ್ತು ಹಿಂಡಿಯ ವಾಸನೆ. ಪಡಸಾಲೆಯಲ್ಲಿ ಅಪ್ಪ ಗಾದಿಯ ಮೇಲೆ ಕೂತು, ಬಂದವರಿಗೆ ಮಂಡಕ್ಕಿ ಮೆಣಸಿನಕಾಯಿ ತರಿಸಿ ಮಾತಾಡುತ್ತಿದ್ದ. ಅಪ್ಪನಿಗೆ ಊರಲ್ಲಿ ಸಾವ್ಕಾರ್ರು ಅಂತ ಹೆಸರು. ಅಂಥವನ ಮಗಳು ಭಿಕ್ಷಮ್ಮ! ಬಂದವರು ಯಾರಾದರೂ ಹುಬ್ಬೇರಿಸಿದರೆ ಅಪ್ಪನ ಹತ್ತಿರ ಒಂದು ಕಥೆ ತಯಾರಿರುತ್ತಿತ್ತು.

"ನಮ್ಮವ್ವನ ತವರಿನೋರು ದಿನಾ ಜಂಗಮರಿಗೆ ಭಿಕ್ಷ ಮಾಡ್ಸೋರು ಕಣ್ರಿ. ದೊಡ್ಡ ಮನೆತನ. ಅದರ ಗುರ್ತಿಗೆ ಈ ಹೆಸರು."

ಅಪ್ಪ ಈ ಕಥೆ ಹೇಳಿದಾಗೆಲ್ಲ ನಡುಮನೆಯಲ್ಲಿ ಬೀಸುವ ಕಲ್ಲಿನ ಮುಂದೆ ಕೂತ ಅಜ್ಜಿ ಕಲ್ಲನ್ನು ಸ್ವಲ್ಪ ಜೋರಾಗಿ ತಿರುಗಿಸುತ್ತಿದ್ದಳು. ಅಜ್ಜಿ ನೆಟ್ಟಗಿನ ಆಳು. ಹಣೆ ತುಂಬ ವಿಭೂತಿ, ಬಾಯಲ್ಲಿ ಮೇಲಿನ ಎರಡು ಹಲ್ಲಿಲ್ಲ. ಮಿಲ್ಲಿನಲ್ಲೇ ಹಿಟ್ಟಿನ ಗಿರಣಿ ಇದ್ದರೂ ವರ್ಷಕ್ಕೊಂದು ಸಲ ಆಕೆ ಕೈಯಲ್ಲೇ ಬೀಸುತ್ತಿದ್ದಳು. ಸುಗ್ಗಿ ಮುಗಿದ ಮೇಲೆ ಒಂದು ದಿನ "ತವರಿಗೆ ಹೋಗಿ ಬರ್ತೀನಿ" ಅಂತ ಒಬ್ಬಳೇ ಬಸ್ಸು ಹತ್ತುವಳು. ಸಂಜೆ ಒಂದು ಸಣ್ಣ ಗಂಟು ಕಾಳು ಹೊತ್ತು ಬರುವಳು. ಅದರಲ್ಲಿ ಜೋಳ, ಸಜ್ಜೆ, ನವಣೆ, ರಾಗಿ, ಎಲ್ಲ ಕಲಸಿಹೋಗಿರುತ್ತಿತ್ತು. ಅದನ್ನು ಆರಿಸುವುದಕ್ಕೂ ಬೀಸುವುದಕ್ಕೂ ಯಾರನ್ನೂ ಬಿಡುತ್ತಿರಲಿಲ್ಲ. ತಾನೇ ತಟ್ಟಿ, ತಾನೇ ಸುಟ್ಟು, ಮನೆಯವರನ್ನೆಲ್ಲ ಸಾಲಾಗಿ ಕೂರಿಸಿ ಬಡಿಸುವಳು. ಅದಕ್ಕೆ ನಾವು ಬೆರಕೆ ರೊಟ್ಟಿ ಅನ್ನುತ್ತಿದ್ದೆವು. ಗುರೆಳ್ಳು ಚಟ್ನಿ, ಬೆಣ್ಣೆ ಜೊತೆಗಿದ್ದರೆ ಅಪ್ಪ ಐದಕ್ಕೆ ಕಮ್ಮಿ ಏಳುತ್ತಿರಲಿಲ್ಲ.

ನಾನು ಹತ್ತನೇ ಕ್ಲಾಸಿಗೆ ಬರುವ ಹೊತ್ತಿಗೆ ಆ ಹೆಸರಿನ ಮೇಲೆ ನನಗೆ ಎಂಥ ಸಿಟ್ಟು ಬಂದಿತ್ತೆಂದರೆ, ನೋಟುಪುಸ್ತಕದ ಮೇಲೆ ಬರೀ ಬಿ ಅಂತ ಬರೆದು ಬಿಡುತ್ತಿದ್ದೆ. ಆ ವರ್ಷ ಹೆಡ್ಮೇಷ್ಟ್ರು ಕ್ಲಾಸಿಗೆ ಬಂದು, ಎಸ್ಸೆಸ್ಸೆಲ್ಸಿ ಅರ್ಜಿಯಲ್ಲಿ ಏನು ಬರೆಯುತ್ತೇವೋ ಅದೇ ಸಾಯುವತನಕ ನಿಮ್ಮ ಹೆಸರು, ತಿದ್ದಿಸುವುದಿದ್ದರೆ ಈಗಲೇ ತಿದ್ದಿಸಿ ಅಂದರು. ನಾನು ಮನೆಗೆ ಹೋಗಿ ಅಪ್ಪನ ಗಾದಿಯ ಮುಂದೆ ನಿಂತು ಅತ್ತೆ. ಅಪ್ಪನಿಗೂ ಅದೇ ಬೇಕಾಗಿತ್ತು ಅಂತ ಕಾಣುತ್ತೆ. ನಾಳೆ ಲಗ್ನಪತ್ರಿಕೆಯಲ್ಲಿ ಆ ಹೆಸರು ಹಾಕಿಸುವುದು ಹೇಗೆ ಅನ್ನುವ ಚಿಂತೆ ಅವನಿಗೆ ಆಗಲೇ ಹತ್ತಿತ್ತು. ಭಾಗ್ಯಲಕ್ಷ್ಮಿ ಅಂತ ಮಾಡಿಸೋಣ ಅಂದ. ಅವತ್ತೇ ಕಾಗದ ಬರೆದು ಶಾಲೆಗೆ ಕೊಟ್ಟು ಬಂದ. ಹಳೇ ನೋಟುಪುಸ್ತಕದ ಹಿಂದಿನ ಹಾಳೆಗಳನ್ನೆಲ್ಲ ನಾನು ಭಾಗ್ಯಲಕ್ಷ್ಮಿ ಅನ್ನುವ ಸಹಿಯಿಂದ ತುಂಬಿಸಿದೆ. ಲಕ್ಷ್ಮಿಯ ಕೊನೆಗೆ ಒಂದು ಬಾಲವನ್ನೂ ಎಳೆದೆ. ಅಜ್ಜಿ ಅದನ್ನು ನೋಡುತ್ತಾ ಕೂತಿದ್ದಳು. ಓದಲು ಬಾರದಿದ್ದರೂ ಏನು ನಡೆಯುತ್ತಿದೆ ಅಂತ ಆಕೆಗೆ ಗೊತ್ತಾಗಿತ್ತು.

"ಯಾವತ್ತು ಬರೀತಾರೆ?"

"ಸೋಮವಾರ ಕೊನೇ ದಿನ ಅಜ್ಜಿ. ಅವತ್ತು ಫಾರಂ ತುಂಬ್ತಾರೆ."

ಆಕೆ ಅಷ್ಟಕ್ಕೇ ಎದ್ದು ಹೋದಳು. ಬೈದಿದ್ದರೆ ನಾನೂ ಎರಡು ಮಾತಾಡುತ್ತಿದ್ದೆ. ಬೈಯಲಿಲ್ಲವಲ್ಲ, ಅದು ನನ್ನನ್ನು ಇನ್ನೂ ಕೆರಳಿಸಿತು.

ಮಾರನೇ ದಿನ ಶುಕ್ರವಾರ ಅಜ್ಜಿ ತನ್ನ ತವರಿನ ಬಸ್ಸು ಹತ್ತಿದಳು. ಮಧ್ಯಾಹ್ನಕ್ಕೆಲ್ಲ ಮಿಲ್ಲಿನ ಲಾರಿ ಬಂದು ನಿಂತಿತು, ಅದರ ಮುಂದಿನ ಸೀಟಿನಿಂದ ಅಜ್ಜಿ ಇಳಿದಳು. ಮುಖ ಕೆಂಡವಾಗಿತ್ತು. ಡ್ರೈವರು ಮಾತ್ರ ಯಾವುದೋ ದೊಡ್ಡ ಉಪಕಾರ ಮಾಡಿದವನ ಗತ್ತಿನಲ್ಲಿ ಪಡಸಾಲೆಗೆ ಬಂದ.

"ತಳಕಿನ ಆಚೆ ಹಟ್ಟಿಗೆ ಶೇಂಗಾ ತುಂಬಾಕೆ ಹೋಗಿದ್ದೆ ಸಾವ್ಕಾರ್ರೆ. ಅಮ್ಮಾರು ಮನೆ ಮನೆ ಬಾಗಿಲಾಗೆ ಸೆರಗೊಡ್ಡಿ ನಿಂತಿದ್ರು. ಕಾಳು ಹಾಕಿಸ್ಕೊಂತಿದ್ರು. ನನ್ನ ಕಣ್ಣಾರೆ ನೋಡ್ದೆ. ಬ್ಯಾಡ ಬ್ಯಾಡ ಅಂದ್ರೂ ಬಿಡ್ದೆ ಕೂರಿಸ್ಕೊಂಡು ಬಂದ್ಬಿಟ್ಟೆ."

ಪಡಸಾಲೆಯಲ್ಲಿ ನಾಲ್ಕು ಜನ ಕೂತಿದ್ದರು. ಸಂಜೆಯ ಹೊತ್ತಿಗೆ ಸಾವ್ಕಾರ್ರ ತಾಯಿ ಭಿಕ್ಷೆ ಎತ್ತುತ್ತಾರಂತೆ ಅನ್ನುವುದು ಪೇಟೆಯ ತುಂಬ ಆಯಿತು. ಮಿಲ್ಲು ಮುಳುಗುತ್ತಿದೆಯೇನೋ ಅಂತ ಇಬ್ಬರು ಮೂವರು ಅಪ್ಪನನ್ನೇ ಕೇಳಿದರಂತೆ. ರಾತ್ರಿ ಊಟಕ್ಕೆ ಕೂತಾಗ ಅಪ್ಪ ತಡೆದುಕೊಳ್ಳಲಿಲ್ಲ. ಅವ್ವ ಒಲೆಯ ಮುಂದೆ, ನಾನು ಅಪ್ಪನ ಪಕ್ಕ, ಅಜ್ಜಿ ಕಂಬಕ್ಕೆ ಒರಗಿ.

"ಅವ್ವ, ಮನ್ಯಾಗೆ ನಿಂಗೆ ಏನು ಕಮ್ಮಿ ಐತೆ? ಹಗೇವು ತುಂಬಾ ಕಾಳೈತೆ. ಅಂಥಾದ್ರಾಗೆ ಕಂಡೋರ ಬಾಗಿಲಾಗೆ ನಿಂತ್ರೆ ನಾನು ನಾಕು ಜನದಾಗೆ ಹೆಂಗೆ ತಲೆ ಎತ್ಲಿ?"

"ನಿನ್ನ ತಲೆ ಇರೋದೇ ಆ ಕಾಳಿಂದ ಕಣಪ್ಪ. ಇನ್ನೊಂದು ಹಾಕು, ಇನ್ನೊಂದು ಹಾಕು ಅಂತ ಹುಟ್ಟಿದಾಗಿಂದ ತಿಂತೀಯಲ್ಲ ಬೆರಕೆ ರೊಟ್ಟಿ, ಅದು ಯಾವ ಕಾಳು ಅಂದ್ಕೊಂಡಿದ್ದೆ?"

ಅಪ್ಪನ ಬಾಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಒಲೆಯ ಕಡೆ ಮುಖ ಮಾಡಿದ್ದ ಅವ್ವನ ಬೆನ್ನು ಕುಲುಕಿದ್ದನ್ನು ನಾನು ನೋಡಿದೆ, ನಗುತ್ತಿದ್ದಳು. ಅಜ್ಜಿ ಇನ್ನೂ ಮುಗಿಸಿರಲಿಲ್ಲ.

"ಆ ಡ್ರೈವರಪ್ಪ ಹನ್ನೊಂದನೇ ಬಾಗಿಲಿಂದ ಎಳ್ಕೊಂಡು ಬಂದ. ಅರ್ಧಕ್ಕೆ ಬಿಟ್ರೆ ಬಿಟ್ಟಂಗೇ. ಮತ್ತೆ ಮೊದಲ್ನೇ ಬಾಗಿಲಿಂದ ಹೋಗ್ಬೇಕು. ಭಾನುವಾರ ಹೋಗ್ತೀನಿ. ಈ ಸಲ ಇವಳೂ ಬರ್ತಾಳೆ."

"ಅವಳ್ಯಾಕೆ? ಅವಳು ಬರಲ್ಲ."

ಅಜ್ಜಿ ಅಪ್ಪನ ಕಡೆ ನೋಡಲೇ ಇಲ್ಲ. ನನ್ನ ಕಡೆ ತಿರುಗಿದಳು.

"ಸೋಮವಾರ ಹೆಸರು ಬಿಸಾಕ್ತೀಯಲ್ಲ, ಬಿಸಾಕು, ನಾನು ಬ್ಯಾಡ ಅನ್ನಲ್ಲ. ಬಿಸಾಕೋದು ಏನಂತ ಒಂದ್ಸಲ ನೋಡಿ ಬಿಸಾಕು."

ಭಾನುವಾರ ಬೆಳಿಗ್ಗೆ ನಾನು ಹೊರಟಿದ್ದು ಅಜ್ಜಿಯ ಮೇಲಿನ ಪ್ರೀತಿಗಲ್ಲ. ಇಷ್ಟು ವರ್ಷ ನನ್ನನ್ನು ಕಾಡಿದ್ದು ಎಲ್ಲಿ ಹುಟ್ಟಿತು ಅಂತ ನೋಡಿಬಿಡೋಣ ಅನ್ನುವ ಹಟಕ್ಕೆ. ಅವ್ವ ಬಟ್ಟೆಯಲ್ಲಿ ನಾಲ್ಕು ರೊಟ್ಟಿ ಕಟ್ಟಿ ನನ್ನ ಕೈಗೆ ಕೊಟ್ಟಳು. ಬಸ್ಸಿನಲ್ಲಿ ಕ್ಲಾಸಿನವರು ಯಾರಾದರೂ ಕಂಡಾರೆಂದು ಕಿಟಕಿಗೆ ಮುಖ ಹಾಕಿ ಕೂತೆ. ತಳಕಿನಲ್ಲಿ ಇಳಿದು, ಅಂಗಡಿ ಸಾಲು ದಾಟಿ, ಶೇಂಗಾ ಕಿತ್ತು ಬರಿದಾದ ಹೊಲಗಳ ಬದುವಿನ ಮೇಲೆ ನಡೆದೆವು. ದೂರಕ್ಕೆ ಮೊಳಕಾಲ್ಮೂರಿನ ಕಡೆಯ ಬಂಡೆ ಗುಡ್ಡಗಳು ಕಾಣುತ್ತಿದ್ದವು. ಅಜ್ಜಿ ನನಗಿಂತ ಮುಂದೆ ಮುಂದೆ ನಡೆಯುತ್ತಿದ್ದಳು. ಮನೆಯಲ್ಲಿ ಮೊಣಕಾಲು ನೋವು ಅಂತ ಎಣ್ಣೆ ತಿಕ್ಕಿಸಿಕೊಳ್ಳುತ್ತಿದ್ದವಳು ಇವಳೇನಾ ಅನ್ನಿಸಿತು.

ಹಟ್ಟಿ ಅಂದರೆ ಒಂದೇ ಬೀದಿ, ಎರಡೂ ಕಡೆ ಸೇರಿ ಇಪ್ಪತ್ತೊಂದು ಮನೆ. ಮೊದಲ ಮನೆಯ ಜಗಲಿಯ ಮೇಲೆ ಅಜ್ಜಿಗಿಂತಲೂ ಮುದುಕಿಯಾದ ಒಬ್ಬಳು ಕಾಲು ಚಾಚಿ ಕೂತಿದ್ದಳು. ಬೋರಜ್ಜಿ ಅಂತ ಅವಳ ಹೆಸರು. ನಮ್ಮನ್ನು ಕಂಡದ್ದೇ ಬೀದಿಗೆಲ್ಲ ಕೇಳುವಂತೆ ಕೂಗಿದಳು.

"ಬಿಕ್ಷಮ್ಮಾ! ಮತ್ತೆ ಬಂದ್ಯೇನೇ? ಆ ಲಾರಿಯೋನು ಹೊತ್ಕೊಂಡು ಹೋದನಲ್ಲ, ನಾವು ನಿನ್ನ ಕಥೆ ಮುಗೀತು ಅಂದ್ಕೊಂಡ್ವಿ!"

"ಅವನ ಮನೆ ಹಾಳಾಗ. ಬಂದೆ ಕಣೇ, ಬಂದೆ."

ನಾನು ಬೆರಗಾಗಿ ನಿಂತೆ. ನಮ್ಮ ಮನೆಯಲ್ಲಿ ಆಕೆ ಅವ್ವ, ಅತ್ತೆ, ಅಜ್ಜಿ, ಅಮ್ಮಾರು. ಹೆಸರು ಹಿಡಿದು ಕರೆಯುವವರು ಆಕೆಗೂ ಯಾರೂ ಇರಲಿಲ್ಲ. ಇಲ್ಲಿ ಆ ಹೆಸರು ಕೇಳಿದ್ದೇ ತಡ, ಆಕೆಯ ದನಿಯೇ ಹುಡುಗಿಯ ದನಿಯಾಗಿತ್ತು. ನನ್ನ ಹೆಸರೂ ಅದೇ ಅಂತ ಗೊತ್ತಾದ ಮೇಲಂತೂ ಬೋರಜ್ಜಿ ಎದುರುಮನೆಯ ಕಡೆ ತಿರುಗಿ, "ಏಮ್ಮಾ, ಇದ್ದರು ಭಿಕ್ಷಮ್ಮಲು ವಚ್ಚಿನಾರು!" ಅಂತ ತೆಲುಗಿನಲ್ಲಿ ಸಾರಿದಳು. ಇಬ್ಬರು ಭಿಕ್ಷಮ್ಮರು ಬಂದಿದ್ದಾರೆ ಅನ್ನುವ ಸುದ್ದಿ ನಾವು ನೀರು ಕುಡಿಯುವಷ್ಟರಲ್ಲಿ ಬೀದಿಯ ಕೊನೆ ಮುಟ್ಟಿತು. ಆಮೇಲೆ ಬೋರಜ್ಜಿ ನನ್ನನ್ನು ಪಕ್ಕಕ್ಕೆ ಎಳೆದು ಕೂರಿಸಿಕೊಂಡಳು.

"ನಿನ್ನ ಹೆಸರು ಹೆಂಗೆ ಬಂತು ಗೊತ್ತೇನೇ?"

"ಜಂಗಮರಿಗೆ ಭಿಕ್ಷ ಮಾಡಿಸ್ತಿದ್ದರಂತೆ..."

"ಯಾರಂದ್ರು? ನಿಮ್ಮಪ್ಪನಾ? ಅವನು ಸಾವ್ಕಾರ, ಹಂಗೇ ಹೇಳ್ತಾನೆ. ನಿಮ್ಮಜ್ಜಿಯ ಅವ್ವಗೆ ಒಂದರ ಹಿಂದೆ ಒಂದು ನಾಕು ಕೂಸು ಹೋದ್ವು. ಐದನೇದು ಇವಳು. ಹುಟ್ಟಿದಾಗ ಅಂಗೈಯಷ್ಟು ಇದ್ಳಂತೆ. ಹೆರಿಗೆ ಮಾಡಿಸಿದೋಳು ಅಂದ್ಳು, 'ಇದನ್ನ ನಿನ್ನ ಕೂಸು ಅನ್ನಬ್ಯಾಡ, ಹಟ್ಟಿ ಕೂಸು ಅನ್ನು. ಜವರಾಯ ಬಂದ್ರೆ ಯಾರ ಮನೆಗೆ ಹೋಗ್ಬೇಕು ಅಂತ ಅವನಿಗೇ ತಿಳೀಬಾರ್ದು.' ಬಾಣಂತಿ ಕೂಸನ್ನ ಮೊರದಾಗೆ ಮಲಗಿಸ್ಕೊಂಡು ಬಾಗಿಲು ಬಾಗಿಲಿಗೆ ಹೋದ್ಳು. ಒಂದೂ ಬಿಡಬಾರ್ದು. ಒಬ್ಬೊಬ್ಬರೂ ಒಂದು ಹಿಡಿ ಕಾಳು, ತಮ್ಮ ಮಕ್ಕಳ ಬಟ್ಟೇದು ಒಂದು ತುಂಡು. ಕಾಳು ಬಾಣಂತಿ ಉಂಡ್ಳು, ಆ ಹಾಲು ಕೂಸು ಕುಡೀತು. ತುಂಡೆಲ್ಲ ಹೊಲಿದು ಕೌದಿ ಮಾಡಿ ಹೊದಿಸಿದ್ರು. ಬದುಕ್ತು. ನೋಡು, ಹೆಂಗೆ ನಿಂತೈತೆ, ಕಲ್ಲುಗುಂಡಿನಂಗೆ!"

ಆ ಕೂಸು ಇರುವತನಕ ವರ್ಷಕ್ಕೊಂದು ಸಲ ಬಂದು ಅದೇ ಬಾಗಿಲುಗಳಲ್ಲಿ ಒಂದೊಂದು ಹಿಡಿ ಬೇಡಿ ಉಣ್ಣಬೇಕು, ತನ್ನವರಿಗೂ ಉಣಿಸಬೇಕು. ಅದು ಆಗ ಆಡಿದ ಮಾತು. ಅಜ್ಜಿ ಲಗ್ನವಾಗಿ ಎಣ್ಣೆ ಮಿಲ್ಲಿನ ಮನೆಗೆ ಬಂದ ಮೇಲೂ ಆ ಮಾತಿಗೆ ತಪ್ಪಿರಲಿಲ್ಲ. ಮಗನಿಗೆ ಮುಜುಗರವಾದೀತು ಅಂತ ಬಾಯಿ ಬಿಟ್ಟಿರಲಿಲ್ಲ, ಅಷ್ಟೇ.

ಬೇಡುವುದಕ್ಕೂ ಒಂದು ರೀತಿಯಿತ್ತು. ಬಾಗಿಲಲ್ಲಿ ನಿಂತು ಬಟ್ಟೆ ಒಡ್ಡಿ "ಭಿಕ್ಷಮ್ಮ ಬಂದೀನಿ" ಅನ್ನಬೇಕು. ಒಳಗಿದ್ದವರು ಒಂದೇ ಒಂದು ಹಿಡಿ ತಂದು ಹಾಕಿ, "ನಮ್ಮ ಮಗಳು ಚೆನ್ನಾಗಿರ್ಲಿ" ಅನ್ನಬೇಕು. ಮುದುಕಿಯಾದ ಅಜ್ಜಿಗೆ ಹದಿನೆಂಟರ ಸೊಸೆಯಂದಿರೂ ನಮ್ಮ ಮಗಳು ಅನ್ನುತ್ತಿದ್ದರು. ಮೊದಲ ಎಂಟು ಹತ್ತು ಮನೆ ನಾನು ಕಂಬದ ಹಿಂದೆ ನಿಂತಿದ್ದೆ. ಬಿಸಿಲು ಏರಿ ಅಜ್ಜಿಗೆ ಬೆವರಿಳಿದಾಗ ಬಟ್ಟೆ ನನ್ನ ಕೈಗೆ ಬಂತು. ನನ್ನ ಬಾಯಿಂದ ಆ ಹೆಸರು ಹೊರಡಲು ಎರಡು ಬಾಗಿಲು ಬೇಕಾದವು. ಮೂರನೆಯದಕ್ಕೆ ಮೆಲ್ಲಗೆ ಬಂತು. ಅದರ ಮುಂದಿನದು ಒಂದು ಗುಡಿಸಲು. ಗೋಡೆ ಒಂದು ಕಡೆ ಕುಸಿದಿತ್ತು, ಸೂರಿನ ಹುಲ್ಲು ಹಾರಿಹೋಗಿತ್ತು, ಒಲೆಯ ಮೇಲೆ ಬರೀ ಮಡಕೆ. ಇಂಥವರ ಹತ್ತಿರ ಮಿಲ್ಲಿನ ಮನೆಯವರು ಬೇಡುವುದೇ ಅನ್ನಿಸಿ, ತುಂಬ ಒಳ್ಳೆಯವಳಂತೆ ನಾನು ಆ ಬಾಗಿಲು ಬಿಟ್ಟು ಮುಂದಿನದಕ್ಕೆ ಹೋದೆ. ಹಿಂದಿನಿಂದ ಒಂದು ದನಿ ನನ್ನ ಜಡೆ ಹಿಡಿದು ನಿಲ್ಲಿಸಿತು.

"ಏಯ್ ಹುಡುಗಿ! ನಮ್ಮ ಬಾಗಿಲು ಕಾಣ್ಲಿಲ್ವಾ?"

ಮಾರಕ್ಕ ಅಂತ, ಆ ಗುಡಿಸಲಿನವಳು. ಆಗಲೇ ಮುಷ್ಟಿಯಲ್ಲಿ ನವಣೆ ಹಿಡಿದು ಕಾಯುತ್ತಾ ನಿಂತಿದ್ದಳು.

"ಕಾಣ್ತು. ನಿಮಗ್ಯಾಕೆ ತೊಂದ್ರೆ ಅಂತ..."

"ಎಂಥಾ ತೊಂದ್ರೆ? ನಮ್ಮತ್ತೆ ತಾನು ಒಂದು ಹೊತ್ತು ಉಪಾಸ ಇದ್ದು ಈ ಬಾಗಿಲಾಗೆ ನಿಮ್ಮಜ್ಜಿಗೆ ಹಿಡಿ ಹಾಕಿದ್ಳು. ಅವತ್ತು ಇಲ್ಲದ ತೊಂದ್ರೆ ಇವತ್ತು ಎಲ್ಲಿಂದ ಬಂತು? ನಿಮ್ಮಜ್ಜಿ ಉಸಿರಾಗೆ ನಮ್ಮದೂ ಒಂದು ಪಾಲೈತೆ. ಅದನ್ನ ಬಿಟ್ಟು ಹೋಗಾಕೆ ನೀನ್ಯಾವಳು? ನಮ್ಮ ಕೈ ನಿನ್ನ ಕಣ್ಣಿಗೆ ಕೊಡೋ ಕೈ ಅಲ್ವಾ?"

ನನಗೆ ನೆಲ ಬಿರಿಯಬಾರದೇ ಅನ್ನಿಸಿತು. ಹತ್ತು ವರ್ಷ ನಾನು ಬೇಡುವವಳು ಅನ್ನಿಸಿಕೊಂಡು ಅತ್ತಿದ್ದೆ. ಕೊಡುವವರಲ್ಲ ಅನ್ನಿಸಿಕೊಂಡವರಿಗೆ ಎಷ್ಟು ಉರಿಯುತ್ತದೆ ಅಂತ ಅವತ್ತೇ ಗೊತ್ತಾಗಿದ್ದು. ಅಜ್ಜಿ ಬಂದು ಏನಾಯಿತೆಂದು ನೋಡಿದಳು. ನನ್ನ ಕೈಯ ಗಂಟು ತೆಗೆದುಕೊಂಡು ಬೀದಿಯಲ್ಲಿ ಮೇಯುತ್ತಿದ್ದ ಕೋಳಿಗಳ ಮುಂದೆ ಅಷ್ಟೂ ಕಾಳನ್ನು ಸುರಿದುಬಿಟ್ಟಳು.

"ಬಾಗಿಲು ತಪ್ಪಿತಲ್ಲ. ನಡಿ, ಮೊದಲ್ನೇ ಮನೆಗೆ."

"ಮತ್ತೆ ಮೊದಲಿಂದಾನಾ?"

"ಮತ್ತೆ ಮೊದಲಿಂದ. ತಪ್ಪಿಸಿದೋಳು ನೀನು, ಬೇಡೋಳೂ ನೀನೇ."

ಬಟ್ಟೆ ಕೊಡವಿ ನಾನು ಬೋರಜ್ಜಿಯ ಬಾಗಿಲಿಗೆ ವಾಪಸು ಹೋದೆ. ಬೀದಿಯವರೆಲ್ಲ ಹೊರಗೆ ಬಂದು ನಿಂತಿದ್ದರು. ಹೆಂಗಸರು ಸೆರಗು ಬಾಯಿಗೆ ಅಡ್ಡ ಹಿಡಿದು ನಗುತ್ತಿದ್ದರು, ಸಣ್ಣ ಮಕ್ಕಳ ದಂಡು ನನ್ನ ಬೆನ್ನು ಹತ್ತಿತ್ತು. ನಾಚಿಕೆಪಡುವುದಕ್ಕೆ ಪುರುಸೊತ್ತೇ ಇರಲಿಲ್ಲ. "ಭಿಕ್ಷಮ್ಮ ಬಂದೀನಿ" ಅಂದೆ. ಗಟ್ಟಿಯಾಗಿ ಹೇಳೇ ಅಂದಳು ಬೋರಜ್ಜಿ. ಗಟ್ಟಿಯಾಗಿ ಹೇಳಿದೆ. ನಾಲ್ಕನೇ ಮನೆಯ ಹೊತ್ತಿಗೆ ಮಕ್ಕಳೂ ನನ್ನ ಜೊತೆ ಕೂಗತೊಡಗಿದರು. ಪ್ರತಿ ಬಾಗಿಲಲ್ಲೂ ಒಂದು ಹಿಡಿ ಬಿತ್ತು, ಪ್ರತಿ ಬಾಯಲ್ಲೂ "ನಮ್ಮ ಮಗಳು" ಅಂತ ಬಂತು. ಶಾಲೆಯಲ್ಲಿ ನನ್ನನ್ನು ಕುಗ್ಗಿಸುತ್ತಿದ್ದ ಅದೇ ಹೆಸರು ಆ ಬೀದಿಯಲ್ಲಿ ಬಾಗಿಲಿಂದ ಬಾಗಿಲಿಗೆ ನನ್ನನ್ನು ಹೊತ್ತುಕೊಂಡು ಹೋಯಿತು. ಮಾರಕ್ಕನ ಬಾಗಿಲಿಗೆ ಬಂದಾಗ ನಾನು ಬಟ್ಟೆ ಒಡ್ಡಿ ತಲೆ ತಗ್ಗಿಸಿದೆ. ಅವಳು ಹಿಡಿ ಹಾಕಿ, ನನ್ನ ಗಲ್ಲ ಹಿಡಿದು ಮುಖ ಮೇಲೆತ್ತಿದಳು. ಇಪ್ಪತ್ತೊಂದನೆಯ ಮನೆ ಮುಗಿಸಿ ಗಂಟು ಕಟ್ಟಿದಾಗ, ಪರೀಕ್ಷೆಯಲ್ಲಿ ಮೊದಲು ಬಂದಾಗಲೂ ಆಗದಷ್ಟು ಹಿಗ್ಗು ನನಗಾಗಿತ್ತು. ಇದನ್ನು ಮುಚ್ಚಿಟ್ಟು ಹೇಳುವುದು ನನಗೆ ಇವತ್ತಿಗೂ ಬರುವುದಿಲ್ಲ, ನಾನು ಗೆದ್ದು ಬಂದಿದ್ದೆ.

ಸಂಜೆ ಅಪ್ಪ ಪಡಸಾಲೆಯಲ್ಲೇ ಕಾಯುತ್ತಿದ್ದ. ಹೆಸರು ಬದಲಾಯಿಸುವುದಿಲ್ಲ ಅಂದೆ. ಕಾಗದ ಕೊಟ್ಟಾಯಿತು, ಇನ್ನು ಮಾತಿಲ್ಲ ಅಂದ. ಮಾರನೇ ದಿನ ನಸುಕಿನಲ್ಲೇ ಎಣ್ಣೆ ವ್ಯಾಪಾರಕ್ಕೆಂದು ದಾವಣಗೆರೆಗೆ ಹೊರಟುಹೋದ. ಅಪ್ಪನ ವಿಷಯ ಇಲ್ಲೇ ಹೇಳಿ ಮುಗಿಸಿಬಿಡುತ್ತೇನೆ, ಯಾಕೆಂದರೆ ಅವನು ಕೆಟ್ಟವನಲ್ಲ. ನಾಲ್ಕು ಜನರ ಕಣ್ಣಿಗೆ ಹೆದರಿದವನು, ಅಷ್ಟೇ. ಆಮೇಲೆ ಒಂದು ತಿಂಗಳು ನನ್ನ ಜೊತೆ ಮಾತು ಬಿಟ್ಟ. ಬೆರಕೆ ರೊಟ್ಟಿ ಮಾತ್ರ ಬಿಡಲಿಲ್ಲ. ಕೆಲವು ವರ್ಷದ ಮೇಲೆ, ಅಜ್ಜಿಗೆ ನಡೆಯಲು ಆಗದಾದಾಗ, ತಾನೇ ಕಾರು ಹತ್ತಿಸಿಕೊಂಡು ಹಟ್ಟಿಗೆ ಕರೆದುಕೊಂಡು ಹೋದ. ಮೊದಲ ಸಲ ಕಾರಿನಿಂದ ಇಳಿಯಲಿಲ್ಲ. ಎರಡನೇ ಸಲ ಮಾರಕ್ಕ ಕಿಟಕಿಗೇ ಹೋಗಿ ಅವನ ಅಂಗೈಗೆ ಒಂದು ಹಿಡಿ ಸುರಿದಳಂತೆ. ನಾನು ಮುಂದೆ ಮೇಡಂ ಆದೆ. ದೊಡ್ಡಉಳ್ಳಾರ್ತಿಯ ಶಾಲೆಯಲ್ಲಿ ಹುಲ್ಲುಗಾವಲಿನ ಗಾಳಿ ಕುಡಿಯುತ್ತಾ ಪಾಠ ಮಾಡಿ ನಿವೃತ್ತಳಾದೆ. ಮಕ್ಕಳು ಭಿಕ್ಷಮ್ಮ ಮೇಡಂ ಅಂತಲೇ ಕರೆದರು. ಈಗಲೂ ಸುಗ್ಗಿ ಮುಗಿದ ಮೇಲೆ ನಾನು ತಳಕಿನ ಬಸ್ಸು ಹತ್ತುತ್ತೇನೆ.

ಆದರೆ ಆ ಸೋಮವಾರ ಇದೆಲ್ಲ ಇನ್ನೂ ಆಗಿರಲಿಲ್ಲ. ಶಾಲೆಗೆ ಹೋಗಿ ಹೆಡ್ಮೇಷ್ಟ್ರ ಮುಂದೆ ನಿಂತು, ನನ್ನ ಹೆಸರು ಭಿಕ್ಷಮ್ಮ, ಹಾಗೇ ಬರೆಯಿರಿ ಸಾರ್ ಅಂದೆ. ಅವರು ಅಪ್ಪನ ಕಾಗದ ತೆಗೆದು ತೋರಿಸಿದರು. ಫಾರಂ ಇವತ್ತು ಸಂಜೆಯೊಳಗೆ ಹೋಗಬೇಕು, ನಿಮ್ಮ ಮನೆಯ ದೊಡ್ಡವರು ಯಾರಾದರೂ ಬಂದು ನನ್ನ ಎದುರು ಬಾಯಿಬಿಟ್ಟು ಹೇಳಿದರೆ ಮಾತ್ರ ಆ ಹೆಸರು, ಇಲ್ಲದಿದ್ದರೆ ಭಾಗ್ಯಲಕ್ಷ್ಮಿ ಅಂದರು. ನಾನು ಮನೆಗೆ ಓಡಿದೆ. ಅಜ್ಜಿ ಲಿಂಗಪೂಜೆಗೆ ಕೂತಿದ್ದಳು. ಪೂಜೆಗೆ ಕೂತವಳನ್ನು ಎಬ್ಬಿಸುವಂತಿಲ್ಲ, ಅದು ಬೇಗ ಮುಗಿಯುವಂಥದ್ದೂ ಅಲ್ಲ. ಅಡುಗೆಮನೆಯಲ್ಲಿ ಅವ್ವ ಇದ್ದಳು. ನನ್ನ ಮಾತು ಪೂರ್ತಿ ಕೇಳಿದಳು. ಒಲೆಯ ಕೊಳ್ಳಿ ಹಿಂದಕ್ಕೆ ಎಳೆದು, ಕೈ ತೊಳೆದು, ಸೆರಗು ಹೊದ್ದು ಹೊರಟಳು. ನನ್ನ ಶಾಲೆಯ ಮೆಟ್ಟಿಲನ್ನು ಅವಳು ಅದುವರೆಗೆ ತುಳಿದಿರಲಿಲ್ಲ.

"ಹೇಳಿ ತಾಯಿ, ನಿಮ್ಮ ಮಗಳ ಹೆಸರು ಏನಂತ ಬರೀಲಿ?"

ಅವ್ವ ಮೇಜಿನ ಅಂಚು ನೋಡಿದಳು. ನನ್ನನ್ನು ನೋಡಿದಳು.

"ಹಳೇದೇ ಬರೀರಿ."

"ಹಳೇದು ಅಂದ್ರೆ?"

"ಅದೇರೀ... ಅಯ್ನೋರು ಬಾಗಿಲಿಗೆ ಬಂದಾಗ ನೀಡ್ತಾರಲ್ಲ, ಅದು."

"ಹಂಗೆಲ್ಲ ಬರೆಯಕ್ಕಾಗಲ್ಲ ತಾಯಿ. ನಾಳೆ ನಿಮ್ಮ ಯಜಮಾನ್ರು ಬಂದು ಕೇಳಿದ್ರೆ ನಾನು ಏನು ಹೇಳ್ಲಿ? ಬಾಯಿಬಿಟ್ಟು ಹೇಳಿ."

"ಅಮ್ಮಣ್ಣಿ, ನೀನೇ ಹೇಳೇ."

"ಅವಳು ಹೇಳಿದ್ರೆ ನಡೆಯಲ್ಲ."

ಅವ್ವನ ಹಣೆಯ ಬೆವರು ಕುಂಕುಮದ ಮೇಲೆ ಇಳಿಯುತ್ತಿತ್ತು. ಮದುವೆಯಾಗಿ ಬಂದಾಗಿನಿಂದ ಕಾದುಕೊಂಡು ಬಂದ ನಾಲಿಗೆ ಅದು. ಹೆಡ್ಮೇಷ್ಟ್ರು ಪೆನ್ನಿನ ಮುಚ್ಚಳ ಹಾಕಿ ಅಪ್ಪನ ಕಾಗದವನ್ನು ಮುಂದಕ್ಕೆ ಎಳೆದುಕೊಂಡರು. ಆಗ ಅವ್ವ ಕಣ್ಣು ಮುಚ್ಚಿ, ಎರಡೂ ಕೈಯಲ್ಲಿ ಮೇಜು ಹಿಡಿದು, ಪಕ್ಕದ ಕ್ಲಾಸಿನ ಪಾಠ ನಿಲ್ಲುವಷ್ಟು ಜೋರಾಗಿ ಹೇಳಿದಳು.

"ಬಿಕ್ಷಮ್ಮ!"

ಹೆಡ್ಮೇಷ್ಟ್ರು ಮತ್ತೆ ಮುಚ್ಚಳ ತೆಗೆದು ಬರೆದರು. ಅವ್ವ ಸಹಿ ಹಾಕಿದಳು. ಇಬ್ಬರೂ ಮನೆಯ ದಾರಿ ಹಿಡಿದೆವು. ನನಗೆ ಕುಣಿಯಬೇಕು ಅನ್ನಿಸುತ್ತಿತ್ತು. ಅವ್ವ ಮಾತ್ರ ದೊಡ್ಡ ತಪ್ಪು ಮಾಡಿದವಳ ಹಾಗೆ ಬೇಗ ಬೇಗ ನಡೆಯುತ್ತಿದ್ದಳು. ಮನೆಗೆ ಬಂದರೆ ಪೂಜೆ ಮುಗಿಸಿದ ಅಜ್ಜಿ ನಡುಮನೆಯಲ್ಲಿ ಹಟ್ಟಿಯ ಕಾಳನ್ನು ಮೊರಕ್ಕೆ ಹಾಕಿಕೊಂಡು ಆರಿಸುತ್ತಾ ಕೂತಿದ್ದಳು. ಅವ್ವ ಆಕೆಯ ಮುಂದೆ ಕುಕ್ಕರಿಸಿ ಕಾಲು ಮುಟ್ಟಿದಳು.

"ಅತ್ತೆ, ತಪ್ಪಾತು. ಹೆಡ್ಮೇಷ್ಟ್ರ ಮುಂದೆ ನಿಮ್ಮ ಹೆಸರು ಹೇಳ್ಬಿಟ್ಟೆ."

ಅಜ್ಜಿಯ ಕೈ ಕಾಳಿನ ಮೇಲೆ ನಿಂತಿತು.

"ಬಾಯಿ ಬಿಟ್ಟು?"

"ಹ್ಞೂಂ."

"ಜೋರಾಗಿ?"

"ಪಕ್ಕದ ಕ್ಲಾಸಿಗೂ ಕೇಳಂಗೆ."

 ಅಜ್ಜಿ ಮೊರವನ್ನು ಪಕ್ಕಕ್ಕಿಟ್ಟು ನೆಟ್ಟಗೆ ಕೂತಳು.

"ಅಲ್ಲೆಲ್ಲ ಕೇಳ್ಸಿ ಬಂದ್ಯಲ್ಲ, ನಂಗೆ ಕೇಳ್ಲಿಲ್ಲ. ಇನ್ನೊಂದ್ಸಲ ಹೇಳು."

ಗೋಡೆಯಾಚೆ ಮಿಲ್ಲು ಓಡುತ್ತಿತ್ತು. ಅವ್ವ ಒಂದು ಸಲ ನನ್ನ ಕಡೆ ನೋಡಿದಳು, ಉಸಿರು ಎಳೆದುಕೊಂಡಳು, ಆ ಸದ್ದನ್ನೂ ಮೀರಿ ಕೂಗಿದಳು. ಅಜ್ಜಿಯೂ ನಾನೂ ಒಟ್ಟಿಗೇ ಓ ಅಂದೆವು.